ವಿಟ್‌ಸ್ಟಬಲ್‌ನಲ್ಲಿ ಭಾನುವಾರದ ಪಬ್ ಊಟ: ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಾವಿರೋದು ಕೆಂಟ್‌ನ ಗಿಲ್ಲಿಂಗ್‌ಹ್ಯಾಮ್‌ನಲ್ಲಿ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದಾರೆ, ಸೆಪ್ಟೆಂಬರ್ ಕೊನೇವರೆಗೆ ಇರ್ತಾರೆ. ಲಂಡನ್ ನೋಡಿ ಆಯ್ತು. ಅಪ್ಪನಿಗೆ ಮ್ಯೂಸಿಯಂ ಸಾಕಾಗಿದೆ, "ಇಲ್ಲಿನ ಜನ ಭಾನುವಾರ ಏನು ಮಾಡ್ತಾರೆ, ಅದನ್ನ ತೋರಿಸು" ಅಂತಿದ್ದಾರೆ. ನನ್ನ ಯಜಮಾನರು ಇಲ್ಲಿನ ಕಡಲೂರು ವಿಟ್‌ಸ್ಟಬಲ್ ಕಡೆ ಒಂದು ಗ್ಯಾಸ್ಟ್ರೋಪಬ್‌ಗೆ (ಒಳ್ಳೇ ಊಟ ಸಿಗೋ ಪಬ್) ಹೋಗಿ ಸಂಡೇ ರೋಸ್ಟ್ (ಓವನ್‌ನಲ್ಲಿ ಬೇಯಿಸಿದ ಮಾಂಸ, ಆಲೂಗಡ್ಡೆ, ತರಕಾರಿ, ಗ್ರೇವಿಯ ಭಾನುವಾರದ ಊಟ) ಮಾಡಿ, ಸಮುದ್ರದ ಪಕ್ಕ ಓಡಾಡಿ ಬರೋಣ ಅಂದ್ರು.

ನನ್ನ ಚಿಂತೆ ಅಮ್ಮನದು. ಅವರು ಮೊಟ್ಟೆ ಕೂಡ ಮುಟ್ಟಲ್ಲ. ಅದಕ್ಕಿಂತ ಹೆಚ್ಚಾಗಿ "ಪಬ್" ಅಂದ ಕೂಡಲೇ ಮುಖ ಸಪ್ಪಗಾಯ್ತು, "ನಾನು ಮನೇಲೇ ಇರ್ತೀನಿ, ನೀವು ಹೋಗಿ ಬನ್ನಿ" ಅಂತಾರೆ. ಅಪ್ಪ ಮೀನು, ಕೋಳಿ ತಿಂತಾರೆ. ದನ, ಹಂದಿ ಬೇಡ. ಮಗನಿಗೆ ಆರು ವರ್ಷ. ಇಂಥ ಸಂಸಾರ ಅಲ್ಲಿ ಕೂತು ಸಮಾಧಾನವಾಗಿ ಉಣ್ಣೋಕೆ ಆಗುತ್ತಾ? ಹೋಗಿ ಬಂದವರು ದಯವಿಟ್ಟು ವಿವರವಾಗಿ ಹೇಳಿ.

ಫ್ಯಾವರ್ಶಮ್ ಗೌಡ

ಖಂಡಿತ ಕರ್ಕೊಂಡು ಹೋಗಿ ಮೇಡಂ. ನಿಮ್ಮಲ್ಲಿಂದ ಅದೇ ರೈಲು ಮಾರ್ಗ, ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ. ಭಾನುವಾರ ಹಳಿ ದುರಸ್ತಿ ಅಂತ ರೈಲಿನ ಬದಲು ಬಸ್ ಬಿಡೋದು ಇಲ್ಲಿ ಮಾಮೂಲು, ಶನಿವಾರ ರಾತ್ರಿ ಒಮ್ಮೆ ನೋಡಿಕೊಳ್ಳಿ. ಕಾರಲ್ಲಾದರೆ ಬಂದರಿನ ಹತ್ತಿರ ಗೊರೆಲ್ ಟ್ಯಾಂಕ್ ಪಾರ್ಕಿಂಗ್ ಇದೆ, ಬಿಸಿಲಿದ್ದ ದಿನ ಹನ್ನೊಂದಕ್ಕೇ ತುಂಬುತ್ತೆ.

ಅಮ್ಮನಿಗೆ ಒಂದು ಮಾತು ಹೇಳಿ. ನಮ್ಮೂರಿನ ಬಾರ್ ಅಂದ್ಕೊಂಡು ಅವರು ಹೆದರ್ತಿದ್ದಾರೆ, ಅದು ಸಹಜ. ಇಲ್ಲಿ ಭಾನುವಾರ ಮಧ್ಯಾಹ್ನದ ಪಬ್ಬಿನಲ್ಲಿ ಅಜ್ಜಿಯರು, ಕೈಗೂಸುಗಳು, ಟೇಬಲ್ ಕೆಳಗೆ ಮಲಗಿದ ನಾಯಿ, ಬಣ್ಣ ಹಚ್ಚೋ ಪುಸ್ತಕ ಹಿಡಿದ ಮಕ್ಕಳು ಇರ್ತಾರೆ. 2007ರ ಜುಲೈನಿಂದ ಒಳಗೆ ಸಿಗರೇಟ್ ಇಲ್ಲ. ಕುಡಿಯಲೇಬೇಕು ಅಂತ ಯಾರೂ ಅನ್ನಲ್ಲ, ನಾನು ಬರೀ ನಿಂಬೆ ಸೋಡಾ ಕುಡಿದು ಮೂರು ಗಂಟೆ ಕೂತಿರ್ತೀನಿ.

ಊರಿನ ಬಗ್ಗೆ ಎರಡು ಮಾತು. ವಿಟ್‌ಸ್ಟಬಲ್ ತೀರದಲ್ಲಿ ಮರಳಿಲ್ಲ, ಪೂರ್ತಿ ಉರುಟು ಕಲ್ಲು, ಅಮ್ಮನಿಗೆ ಗಟ್ಟಿ ಅಟ್ಟೆಯ ಶೂ ಹಾಕಿಸಿ. ಕಡಲು ಇರೋದು ಉತ್ತರಕ್ಕೆ, ಹಾಗಾಗಿ ಗಾಳಿ ಸೆಪ್ಟೆಂಬರ್‌ನಲ್ಲೂ ಕೊರೆಯುತ್ತೆ. ಓಲ್ಡ್ ನೆಪ್ಚೂನ್ ಅನ್ನೋ ಬಿಳಿ ಮರದ ಪಬ್ ಸೀದಾ ಕಲ್ಲುತೀರದ ಮೇಲೇ ನಿಂತಿದೆ, ಊಟ ಎಲ್ಲೇ ಮಾಡಿ, ಅದನ್ನು ನೋಡದೆ ಬರಬೇಡಿ. 1830ರ ಮೇ ತಿಂಗಳಲ್ಲಿ ಕ್ಯಾಂಟರ್ಬರಿಯಿಂದ ಈ ಊರಿಗೆ ರೈಲು ಬಂತು, ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗಕ್ಕಿಂತಲೂ ಮುಂಚೆ. ಜನ ಅದನ್ನು ಈಗಲೂ "ಕ್ರ್ಯಾಬ್ ಆ್ಯಂಡ್ ವಿಂಕಲ್" ಅಂತ ಪ್ರೀತಿಯಿಂದ ಕರೀತಾರೆ. ಹಳಿ ಹೋಗಿ ಈಗ ಅದು ಸೈಕಲ್ ದಾರಿ. ಅಪ್ಪನಿಗೆ ಇಂಥದ್ದು ಹಿಡಿಸಬಹುದು.

ಒಲೆಯ ಮುಂದೆ

ಓದೋ ಕಾಲದಲ್ಲಿ ಕೆಂಟ್ ಕರಾವಳಿಯ ಒಂದು ಪಬ್ಬಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೆ. ಮೊದಲು ಪಾತ್ರೆ ತೊಳೆಯೋದು, ಆಮೇಲೆ ತರಕಾರಿ, ಕೊನೆಗೆ ರೋಸ್ಟ್ ವಿಭಾಗ. ಒಳಗಿನಿಂದ ನೋಡಿದವನಾಗಿ ಹೇಳ್ತೀನಿ ಅಕ್ಕ: ಭಾನುವಾರದ ಊಟದ ಹಣೆಬರಹ ಬೆಳಿಗ್ಗೆ ಎಂಟು ಗಂಟೆಗೇ ಬರೆದಾಗಿರುತ್ತೆ.

ಹೇಗೆ ಅಂದ್ರೆ, ವಾರದ ಉಳಿದ ದಿನ ಆರ್ಡರ್ ಬಂದ ಮೇಲೆ ಒಲೆ ಹತ್ತುತ್ತೆ. ಭಾನುವಾರ ಹಾಗಲ್ಲ. ದೊಡ್ಡ ದೊಡ್ಡ ಮಾಂಸದ ತುಂಡು ಬೆಳಿಗ್ಗೆಯೇ ಓವನ್‌ಗೆ ಹೋಗಬೇಕು. ಹೊರಗೆ ತೆಗೆದ ಮೇಲೆ ಕಡಿಮೆ ಅಂದ್ರೂ ಅರ್ಧ ಗಂಟೆ ಮುಟ್ಟದೆ ಬಿಡಬೇಕು, ಇಲ್ಲದಿದ್ರೆ ಕತ್ತರಿಸಿದ ಕೂಡಲೇ ರಸವೆಲ್ಲ ಹಲಗೆ ಮೇಲೆ ಹರಿದು ಹೋಗುತ್ತೆ. ಆಲೂಗಡ್ಡೆ ಮ್ಯಾರಿಸ್ ಪೈಪರ್ ಜಾತಿಯದ್ದೇ ಬೇಕು ಅಂತ ನಮ್ಮ ಹೆಡ್ ಶೆಫ್ ಹಟ. ಉಪ್ಪುನೀರಲ್ಲಿ ಅಂಚು ಮೆತ್ತಗಾಗೋವರೆಗೆ ಬೇಯಿಸಿ, ನೀರು ಬಸಿದು, ಮುಚ್ಚಳ ಹಾಕಿ ಪಾತ್ರೆಯನ್ನೇ ಕುಲುಕೋದು. ಮೈ ತರಚಿಕೊಂಡು ಪುಡಿಪುಡಿ ಆಗುತ್ತೆ. ಆ ಪುಡಿಯೇ ಕಾದ ಕೊಬ್ಬಿಗೆ ಬಿದ್ದಾಗ ಗರಿಗರಿ ಹೊರಪದರ ಕಟ್ಟೋದು. ಚೆನ್ನಾಗಿ ಆದ ರೋಸ್ಟ್ ಆಲೂಗಡ್ಡೆಗೆ ಫೋರ್ಕ್ ತಾಗಿಸಿದ್ರೆ ಪಕ್ಕದ ಟೇಬಲ್‌ಗೂ ಸದ್ದು ಕೇಳಬೇಕು, ಒಳಗೆ ಮಾತ್ರ ಬೆಣ್ಣೆಯಂಥ ಮೆದು.

ರೋಸ್ಟ್ ಜೊತೆ ಬರೋ ಯಾರ್ಕ್‌ಷೈರ್ ಪುಡಿಂಗ್ ಸಿಹಿ ಅಲ್ಲ: ಮೈದಾ, ಮೊಟ್ಟೆ, ಹಾಲು, ಅಷ್ಟೇ. ಹಿಟ್ಟು ನೀರ್‌ದೋಸೆ ಹಿಟ್ಟಿನಷ್ಟು ತೆಳು. ಅಚ್ಚಿನಲ್ಲಿ ಕೊಬ್ಬು ಹೊಗೆಯಾಡುವಷ್ಟು ಕಾದಿರಬೇಕು, ಹಿಟ್ಟು ಬಿದ್ದ ಕೂಡಲೇ ಚುಂಯ್ ಅಂದು ಅಂಚು ಏಳಬೇಕು. ಆಮೇಲೆ ಇಪ್ಪತ್ತು ನಿಮಿಷ ಓವನ್ ಬಾಗಿಲು ಯಾರೂ ತೆಗೆಯಬಾರದು. ತೆಗೆದ್ರೆ ಅಷ್ಟೂ ಕುಸಿದು ಕೂರುತ್ತೆ, ಮತ್ತೆ ಏಳಲ್ಲ. ಹಿಂದೆ ಮಾಂಸವನ್ನು ಬೆಂಕಿ ಮುಂದೆ ಸರಳಿಗೆ ಚುಚ್ಚಿ ತಿರುಗಿಸುವಾಗ ತೊಟ್ಟಿಕ್ಕುವ ಕೊಬ್ಬು ಹಾಳಾಗದಿರಲಿ ಅಂತ ಕೆಳಗೆ ಹಿಟ್ಟಿನ ತಟ್ಟೆ ಇಡ್ತಿದ್ರು. 1747ರಲ್ಲಿ ಹ್ಯಾನಾ ಗ್ಲಾಸ್ ತಮ್ಮ ಅಡುಗೆ ಪುಸ್ತಕದಲ್ಲಿ ಇದಕ್ಕೆ ಯಾರ್ಕ್‌ಷೈರ್ ಹೆಸರು ಕೊಟ್ಟು ಬರೆದರು. ಬಡವರ ಮನೆಯಲ್ಲಿ ಇದನ್ನು ಗ್ರೇವಿ ಜೊತೆ ಮೊದಲೇ ಬಡಿಸ್ತಿದ್ರು, ಹೊಟ್ಟೆ ಅರ್ಧ ತುಂಬಿದರೆ ಮಾಂಸ ಸ್ವಲ್ಪದಲ್ಲೇ ಎಲ್ಲರಿಗೂ ಸಾಲುತ್ತೆ ಅಂತ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಬುಕಿಂಗ್ ಹನ್ನೆರಡೂವರೆ ಅಥವಾ ಒಂದು ಗಂಟೆಗೆ ಮಾಡಿ. ಆಗ ಎಲ್ಲವೂ ಹೊಸದು. ಮೂರೂವರೆ ಮೇಲೆ ಹೋದ್ರೆ ಮೂರನೇ ಸಲ ಬಿಸಿ ಮಾಡಿದ ಕ್ಯಾರೆಟ್ ಸಿಗಬಹುದು, ಇಷ್ಟಪಟ್ಟ ಮಾಂಸ ಮುಗಿದಿರಬಹುದು. ಖಾಲಿ ಆದರೆ ಆ ದಿನಕ್ಕೆ ಅಷ್ಟೇ, ಮತ್ತೆ ಬೇಯಿಸೋಕೆ ಹೊತ್ತಿರಲ್ಲ.

ಪಾಡ್ದನ

ಒಲೆಯ ಮುಂದೆ ಅವರೇ, ಬರೆದದ್ದು ಓದಿಯೇ ಹಸಿವಾಯ್ತು ಮಾರಾಯ್ರೆ.

ನಾನು ಮಂಗಳೂರಿನವ, ಈಗ ಮಾರ್ಗೇಟ್‌ನಲ್ಲಿ ಇರುವುದು. ಅಪ್ಪ ಮೀನು ತಿನ್ನುತ್ತಾರೆ ಅಂದ್ರಲ್ಲ, ಹಾಗಾದರೆ ಅವರಿಗೆ ರೋಸ್ಟ್ ಬಿಟ್ಟು ಆ ದಿನದ ಮೀನು ಯಾವುದು ಉಂಟು ಅಂತ ಕೇಳಿ. ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿರ್ತಾರೆ. ಸ್ಲಿಪ್ ಸೋಲ್ ಅಂತ ಇದ್ದರೆ ಬಿಡಲೇಬೇಡಿ. ಅದು ಸಣ್ಣ ಡೋವರ್ ಸೋಲ್, ನಮ್ಮ ನಂಗ್ ಮೀನಿನ ಬಳಗದ್ದು, ಮುಳ್ಳಿನ ಸಮೇತ ಇಡೀ ಬರ್ತದೆ. ಸ್ಕೇಟ್ ಅಂತ ಇದ್ದರೆ ಅದು ತೊರಕೆಯ ಜಾತಿ, ಬೆಣ್ಣೆ ಕಂದು ಬಣ್ಣಕ್ಕೆ ಕಾಯಿಸಿ ಹುಳಿ ಹುಳಿ ಕೇಪರ್ ಮೊಗ್ಗು ಹಾಕಿ ಕೊಡ್ತಾರೆ. ಮಸಾಲೆ ಇರುವುದಿಲ್ಲ, ಆದರೆ ಮೀನು ತಾಜಾ ಇದ್ದಾಗ ಅದೂ ಒಂದು ರುಚಿಯೇ.

ಇನ್ನು ಆಯ್‌ಸ್ಟರ್, ಹಸಿಯಾಗಿಯೇ ತಿನ್ನುವ ಚಿಪ್ಪುಮೀನು. ವಿಟ್‌ಸ್ಟಬಲ್ ಅಂದ್ರೆ ಅದೇ. ಎರಡು ಜಾತಿ: ಸ್ಥಳೀಯದ್ದು ಚಪ್ಪಟೆ, ಗುಂಡು, ಸೆಪ್ಟೆಂಬರಿನಿಂದ ಏಪ್ರಿಲ್ ತನಕ ಮಾತ್ರ. ಇನ್ನೊಂದು ಪೆಸಿಫಿಕ್ ರಾಕ್, ಉದ್ದ ಚಿಪ್ಪು, ವರ್ಷವಿಡೀ ಸಿಗ್ತದೆ, ಬೆಲೆಯೂ ಕಡಿಮೆ. ಬೇಸಿಗೆಯಲ್ಲಿ ಸ್ಥಳೀಯದ್ದು ಮರಿ ಮಾಡುವ ಕಾಲ, ಹಾಗಾಗಿ ಮುಟ್ಟುವುದಿಲ್ಲ. ನಮ್ಮಲ್ಲಿ ಮರ್ವಾಯಿಯನ್ನು ಸುಕ್ಕ ಮಾಡಿ ತಿಂದವರಿಗೆ ಹಸಿ ಚಿಪ್ಪು ನುಂಗುವುದು ಮೊದಲ ಸಲ ಕಷ್ಟ. ಅಪ್ಪನಿಗೆ ವಯಸ್ಸಾಗಿದ್ದರೆ, ಬಿಪಿ ಶುಗರ್ ಅಂತ ಇದ್ದರೆ ಹಸಿಯದ್ದು ಬೇಡ. ಇಲ್ಲಿನ ಆಹಾರ ಇಲಾಖೆಯೂ ವಯಸ್ಸಾದವರಿಗೆ, ಬಸುರಿಯರಿಗೆ ಹಸಿ ಚಿಪ್ಪುಮೀನು ಬೇಡ ಅಂತಲೇ ಹೇಳುವುದು.

ಅಕ್ಕಿರೊಟ್ಟಿ ಮನೆ

ಮೂವತ್ತು ಮೀರಿದ ಮೇಲೆ ಈ ದೇಶಕ್ಕೆ ಬಂದ ಸಸ್ಯಾಹಾರಿ ನಾನು. ತುಂಗಾತೀರದವಳೇ, ಅಮ್ಮನ ವಿಷಯ ನಾನು ಹೇಳ್ತೀನಿ, ಇದನ್ನು ಮಾತ್ರ ಗಮನವಿಟ್ಟು ಓದಮ್ಮ.

"ವೆಜಿಟೇರಿಯನ್" ಅಂತ ಕೇಳಬೇಡ, "ವೀಗನ್" ಅಂತ ಕೇಳು. ಇಲ್ಲಿ ವೆಜಿಟೇರಿಯನ್ ಊಟದಲ್ಲಿ ಮೊಟ್ಟೆ ಧಾರಾಳವಾಗಿ ಇರುತ್ತೆ. ಯಾರ್ಕ್‌ಷೈರ್ ಪುಡಿಂಗ್‌ನಲ್ಲಿ ಇದೆ. ಬಾದಾಮಿ, ಗೋಡಂಬಿಯಂಥ ಬೀಜಗಳ ನಟ್ ರೋಸ್ಟ್ ಒಡೆಯದಿರಲಿ ಅಂತ ಅದರಲ್ಲೂ ಹಾಕ್ತಾರೆ, ಹೂರಣವನ್ನು ಪೇಸ್ಟ್ರಿಯಲ್ಲಿ ಸುತ್ತಿ ಬೇಯಿಸೋ ವೆಲಿಂಗ್ಟನ್ ಮೇಲಿನ ಹೊಳಪಿಗೂ ಹಚ್ಚುತ್ತಾರೆ. ವೀಗನ್ ಅಂದ್ರೆ ಮೊಟ್ಟೆ, ಕೊಬ್ಬು, ಮಾಂಸದ ಗ್ರೇವಿ ಒಟ್ಟಿಗೇ ಹೋಯ್ತು. ಬೆಣ್ಣೆ, ಮೊಸರು ಬೇಕಿದ್ರೆ ಆಮೇಲೆ ಕೇಳಿ ತರಿಸಿಕೊಳ್ಳಬಹುದು.

ಮುಖ್ಯವಾದದ್ದು ಆಲೂಗಡ್ಡೆ. ಬಹಳ ಕಡೆ ದನದ ಕೊಬ್ಬಿನಲ್ಲೋ ಬಾತುಕೋಳಿ ಕೊಬ್ಬಿನಲ್ಲೋ ಹುರೀತಾರೆ. ಅಲರ್ಜಿ ಫೈಲ್ ತೋರಿಸಿ ಅಂದ್ರೆ ಗೊತ್ತಾಗುತ್ತೆ ಅಂದ್ಕೋಬೇಡ. ಕಾನೂನು ಪ್ರಕಾರ ಹೇಳಲೇಬೇಕಾದ ಅಲರ್ಜಿ ಪದಾರ್ಥ 14. ಮೊಟ್ಟೆ, ಹಾಲು, ಮೀನು, ಸಾಸಿವೆ ಎಲ್ಲ ಅದರಲ್ಲಿವೆ, ಆದರೆ ಮಾಂಸದ ಕೊಬ್ಬು ಆ ಪಟ್ಟಿಯಲ್ಲಿ ಇಲ್ಲ! ಬಾಯಿಬಿಟ್ಟೇ ಕೇಳಬೇಕು. ಅದೂ ಭಾನುವಾರ ಗದ್ದಲದಲ್ಲಿ ಅಲ್ಲ, ಗುರುವಾರವೋ ಶುಕ್ರವಾರವೋ ಮಧ್ಯಾಹ್ನ ಮೂರರಿಂದ ಐದರೊಳಗೆ ಫೋನ್ ಮಾಡಿ. ಆಗ ಅವರಿಗೂ ಬಿಡುವು, ಒಂದು ತಟ್ಟೆ ಎಣ್ಣೆಯಲ್ಲೇ ಬೇರೆ ಹುರಿದಿಡೋಕೆ ಒಪ್ಪುತ್ತಾರೆ.

ಸಿಹಿಗೆ ಆ್ಯಪಲ್ ಕ್ರಂಬಲ್ ಹೇಳು, ಸ್ಟಿಕ್ಕಿ ಟಾಫಿ ಪುಡಿಂಗ್‌ನಲ್ಲಿ ಮೊಟ್ಟೆ ಇದೆ. ಕ್ರಂಬಲ್ ಮೇಲಿನ ಕಸ್ಟರ್ಡ್ ಬಗ್ಗೆ ವಿಚಾರಿಸು. ಬರ್ಡ್ಸ್ ಪುಡಿಯದ್ದಾದರೆ ಮೊಟ್ಟೆಯಿಲ್ಲ. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಹೆಂಡತಿಗೆ ಮೊಟ್ಟೆ ಆಗಿಬರಲ್ಲ ಅಂತ 1837ರಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ (ಕಾರ್ನ್‌ಫ್ಲೋರ್) ಮಾಡಿದ್ದು ಅದು. ಒಳ್ಳೇ ಗ್ಯಾಸ್ಟ್ರೋಪಬ್‌ಗಳಲ್ಲಿ ಮಾತ್ರ ಮೊಟ್ಟೆಯ ಹಳದಿಯಿಂದ ತಾವೇ ಕಾಯಿಸ್ತಾರೆ, ನಮ್ಮಂಥವರಿಗೆ ಅಲ್ಲೇ ತೊಂದರೆ.

ಭಟ್ಕಳದ ಗಾಳಿ

ಅಕ್ಕಿರೊಟ್ಟಿ ಮನೆ ಅಕ್ಕ ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೇನೆ. ಹಲಾಲ್ ನೋಡುವವರು ಮೀನು ಸುರಕ್ಷಿತ ಅಂದುಕೊಳ್ಳುತ್ತಾರೆ. ಪಬ್ಬಿನಲ್ಲಿ ಫಿಶ್ ಆ್ಯಂಡ್ ಚಿಪ್ಸ್‌ನ ಹಿಟ್ಟನ್ನು ಬಿಯರಿನಲ್ಲಿ ಕಲೆಸುವುದೇ ಹೆಚ್ಚು. ಗ್ರೇವಿಗೆ ವೈನ್ ಹಾಕುತ್ತಾರೆ, ಮಸ್ಸಲ್ಸ್ ಎಂಬ ಚಿಪ್ಪುಮೀನು ಬೇಯಿಸುವುದು ಸೈಡರ್ ಎಂಬ ಸೇಬಿನ ಮದ್ಯದಲ್ಲಿ. ಗ್ರಿಲ್ ಮಾಡಿದ ಮೀನು, ಬೆಣ್ಣೆ ಸಾಕು ಅಂತ ನಾವು ಕೇಳಿ ತೆಗೆದುಕೊಳ್ಳುತ್ತೇವೆ. ಎಣ್ಣೆ ಬಾಣಲೆ ಒಂದೇ ಇದ್ದರೆ ಚಿಪ್ಸ್ ಕೂಡ ಮೀನಿನ ಎಣ್ಣೆಯದ್ದೇ, ಅಮ್ಮನಿಗೆ ಅದನ್ನೂ ಕೇಳಿ.

ಬಿಯರ್ ಕುಡಿಯುವ ಸಸ್ಯಾಹಾರಿ ಗೆಳೆಯರಿಗೂ ಇದು ಉಪಯೋಗಕ್ಕೆ ಬರಬಹುದು: ಪೀಪಾಯಿಯ ಏಲ್ (ಒಂದು ಬಗೆಯ ಬಿಯರ್) ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುವ ರೂಢಿ ಇದೆ. ಅದನ್ನು ಅಲರ್ಜಿ ಪಟ್ಟಿಯಲ್ಲಿ ತೋರಿಸಬೇಕಿಲ್ಲ. ಈಗ ಹಾಕದೇ ಮಾಡುವವರೂ ಬಹಳ ಇದ್ದಾರೆ.

ಸಾಧನಕೇರಿ

ನಮಸ್ಕಾರ್ರಿ. ನಾ ತೊಂಬತ್ತರ ದಶಕದ ಶುರುವಿನಾಗ ಇಲ್ಲಿ ದವಾಖಾನಿ ನೌಕರಿಗೆ ಬಂದಾಂವ. ಆವಾಗ ರವಿವಾರ ಅಂದ್ರ ಊರಿಗೆ ಊರ ಬಂದ್ ಇರತಿತ್ತು ನೋಡ್ರಿ. ದೊಡ್ಡ ಅಂಗಡಿ ತಗೀತಿದ್ದಿಲ್ಲ, 1994ರ ಕಾಯ್ದೆ ಬಂದ ಮ್ಯಾಲೆ ಆರು ತಾಸು ತಗಿಯಾಕ ಪರವಾನಗಿ ಸಿಕ್ತು. ಪಬ್ ಸುದ್ದಾ ಹನ್ನೆರಡಕ್ಕ ತಗದು ಮೂರಕ್ಕ ಹಾಕತಿದ್ರು, ಮತ್ತ ಸಂಜೀ ಏಳಕ್ಕ. 1995ರಾಗ ಕಾಯ್ದೆ ಬದಲಾತು, ರವಿವಾರ ದಿನಪೂರ್ತಿ ತಗಿಯಾಕ ಹತ್ತಿದ್ರು. ಈಗಿನವರು ಮೂರೂವರಿ ತನಕಾ ಕುಂತು ಉಣ್ಣತಾರಲ್ಲ, ಅದು ಆವಾಗ ಆಗತಿದ್ದಿಲ್ಲ.

ಹಂಗಾಗಿ ರೋಸ್ಟ್ ಅಂದ್ರ ಮನೀ ಊಟಾನ. ನನ್ನ ಹಿರಿಯ ಡಾಕ್ಟರು ಒಮ್ಮೆ ತಮ್ಮ ಮನಿಗೆ ಕರದಿದ್ರು. ಯಜಮಾನ ಎದ್ದು ನಿಂತು ಎಲ್ಲಾರ ತಾಟಿಗೂ ತಾನ ಕತ್ತರಿಸಿ ಹಾಕಿದಾ, ಹಾಕೂ ಮುಂದ ಒಬ್ಬೊಬ್ಬರದೂ ಹೆಸರು ತಗೊಂಡು "ನಿನಗ ಅಂಚಿನ ತುಂಡು ಸೇರತದ ಅಲ್ಲಾ" ಅಂತ ಕೇಳತಿದ್ದಾ. ನಾ ಬರೇ ಕಾಯಿಪಲ್ಯ ಉಣ್ಣಾಂವ ಅಂತ ಗೊತ್ತಿತ್ತು, ಅವರ ಹೆಂಡತಿ ನನಗಂತ ಹೂಕೋಸಿಗೆ ಚೀಸ್ ಹಾಕಿ ಒಂದು ಬ್ಯಾರೆ ಬೋಗುಣಿನ ಮಾಡಿಟ್ಟಿದ್ರು. ಸೋಮವಾರ ಉಳಿದ ಮಾಂಸ ತಣ್ಣಗಿಂದು, ಮಂಗಳವಾರ ಅದನ್ನ ಕೊಚ್ಚಿ ಪೈ, ಉಳದ ಬಟಾಟಿ ಕೋಬಿ ಕೂಡಿಸಿ ಬಬಲ್ ಆ್ಯಂಡ್ ಸ್ಕ್ವೀಕ್. ಒಂದ ಅಡಗಿ ಅರ್ಧ ವಾರ ನಡೀತಿತ್ತು. ಅದಕ್ಕೂ ಹಿಂದ, ಮನ್ಯಾಗ ಓವನ್ ಇಲ್ಲದವರು ಚರ್ಚಿಗೆ ಹೋಗೂ ಮುಂದ ಬೇಕರಿಯವರ ಭಟ್ಟಿಯೊಳಗ ಮಾಂಸ ಇಟ್ಟು, ಬರೂ ಮುಂದ ತಗೊಂಡು ಬರತಿದ್ರಂತ.

ನಿಮ್ಮ ತಂದೆಯವರು ನೋಡಬೇಕು ಅನ್ನೂದು ಇದನ್ನ. ಕರಕೊಂಡು ಹೋಗ್ರಿ ತಂಗಿ.

ಲೆಸ್ಟರ್ ಶೆಟ್ರು

ಎಲ್ಲ ಸರಿ, ಆದರೆ ದುಡ್ಡಿನ ಮಾತು ಯಾರೂ ಆಡ್ತಿಲ್ಲ. ಒಳ್ಳೇ ಜಾಗದಲ್ಲಿ ರೋಸ್ಟ್ ಒಂದಕ್ಕೆ 18ರಿಂದ 25 ಪೌಂಡ್. ನಾಲ್ಕು ದೊಡ್ಡವರಿಗೆ 22ರಂತೆ 88, ಮಗುವಿಗೆ 11, ಕುಡಿಯೋಕೆ 25, ಸಿಹಿ ಎಲ್ಲರಿಗೂ ಅಂದ್ರೆ 40. ಒಟ್ಟು 164. ಅದರ ಮೇಲೆ ಹನ್ನೆರಡೂವರೆ ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿ 184 ದಾಟುತ್ತೆ. ಅಮ್ಮ ತಿನ್ನೋ ತರಕಾರಿಗೂ ಹೆಚ್ಚುಕಮ್ಮಿ ಮಾಂಸದ್ದೇ ಬೆಲೆ ಹಾಕ್ತಾರೆ, ಅದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಅಷ್ಟು ಕೊಡೋದಕ್ಕಿಂತ ಮನೇಲೇ ಮಾಡಿ, ಕಡಲತೀರಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ.

ಒಲೆಯ ಮುಂದೆ

ಶೆಟ್ರೇ, ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದರೆ ಆ 22ರಲ್ಲಿ ಆರನೇ ಒಂದು ಪಾಲು ಸೀದಾ ವ್ಯಾಟ್ ತೆರಿಗೆಗೆ ಹೋಗುತ್ತೆ, ಹೋಟೆಲ್ ಊಟಕ್ಕೆ ಇಲ್ಲಿ ಶೇಕಡಾ 20. ಉಳಿದದ್ದರಲ್ಲಿ ಮಾಂಸ, ಗ್ಯಾಸು, ಬೆಳಿಗ್ಗೆ ಏಳಕ್ಕೆ ಬಂದ ನಾಲ್ಕು ಜನರ ಸಂಬಳ. ವೀಗನ್ ವೆಲಿಂಗ್ಟನ್ ನಾನು ಕೈಯಾರೆ ಮಾಡಿದ್ದೀನಿ: ಅಣಬೆ ಸಣ್ಣಗೆ ಹೆಚ್ಚಿ ನೀರಾರೋವರೆಗೆ ಹುರಿಯೋದೇ ಮುಕ್ಕಾಲು ಗಂಟೆ, ಆಮೇಲೆ ಚೆಸ್ಟ್‌ನಟ್, ಪಾಲಕ್, ಸುತ್ತೋದು, ತಣ್ಣಗಿಡೋದು. ಕೋಳಿಯನ್ನು ಓವನ್‌ಗೆ ಇಡೋದಕ್ಕಿಂತ ಹೆಚ್ಚು ಕೆಲಸ ಅದು. ಕೆಲಸ ಮಾಡದೆ ಹೆಪ್ಪುಗಟ್ಟಿದ್ದನ್ನು ಬಿಸಿ ಮಾಡಿ ಅದೇ ಬೆಲೆ ಕೇಳೋವ್ರೂ ಇದ್ದಾರೆ, ಅಂಥಲ್ಲಿ ನಿಮ್ಮ ಸಿಟ್ಟು ನ್ಯಾಯವೇ.

ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ ಅಂತ ಬಿಲ್ಲಲ್ಲೇ ಬರೆದಿದ್ರೆ ತೆಗೆಸಬಹುದು. ಆದರೆ 2024ರ ಅಕ್ಟೋಬರ್ 1ರಿಂದ ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಹೋಗಬೇಕು ಅಂತ ಕಾನೂನಿದೆ. ನಾನಿದ್ದಾಗ ಇರಲಿಲ್ಲ. ಊಟ ಚೆನ್ನಾಗಿದ್ದರೆ ದಯವಿಟ್ಟು ಕೊಡಿ, ಪಾತ್ರೆ ತೊಳೆಯೋ ಹುಡುಗನಿಗೂ ಪಾಲು ಹೋಗುತ್ತೆ.

ಸಿಹಿ ಮಾತ್ರ ಐವರಿಗೆ ಎರಡು ಸಾಕು, ಜೊತೆಗೆ ಐದು ಚಮಚ ಕೇಳಿ. ಯಾರೂ ಏನೂ ಅನ್ಕೊಳ್ಳಲ್ಲ.

ಕ್ಯಾಂಟರ್ಬರಿ ಓದುಗ

ಈ ಗ್ಯಾಸ್ಟ್ರೋಪಬ್ ಹುಟ್ಟಿದ ಕಥೆಗೂ ದುಡ್ಡಿಗೂ ನೇರ ಸಂಬಂಧವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿನ ಪಬ್‌ಗಳಲ್ಲಿ ದೊಡ್ಡ ಪಾಲು ಬ್ರೂವರಿಗಳ ಒಡೆತನದಲ್ಲಿತ್ತು. ನಡೆಸುವವರು ಅವರದೇ ಬಿಯರ್ ಮಾರಬೇಕಿತ್ತು. ಏಕಸ್ವಾಮ್ಯ ಮುರಿಯಬೇಕೆಂದು 1989ರಲ್ಲಿ ಸರ್ಕಾರ ಆದೇಶ ತಂದಿತು. 2,000ಕ್ಕಿಂತ ಹೆಚ್ಚು ಪಬ್ ಇದ್ದ ಕಂಪನಿಗಳು ಹಿಡಿತ ಸಡಿಲಿಸಬೇಕಾಯಿತು, ಸಾವಿರಾರು ಪಬ್‌ಗಳು ಕೈ ಬದಲಾಯಿಸಿದವು. ಹೋಟೆಲ್ ತೆರೆಯುವಷ್ಟು ಬಂಡವಾಳವಿಲ್ಲದ ಅಡುಗೆಯವರಿಗೆ ಆಗ ಬಾಗಿಲು ತೆರೆಯಿತು. 1991ರಲ್ಲಿ ಮೈಕೆಲ್ ಬೆಲ್ಬೆನ್, ಡೇವಿಡ್ ಐರ್ ಸೇರಿ ಲಂಡನ್ನಿನ ಫ್ಯಾರಿಂಗ್ಡನ್‌ನಲ್ಲಿ ದಿ ಈಗಲ್ ಎಂಬ ಹಳೇ ಪಬ್ ಹಿಡಿದರು. ಬಾರ್ ಹಿಂದೆಯೇ ಒಲೆ, ಬೋರ್ಡಿನ ಮೇಲೆ ಆ ದಿನದ ಅಡುಗೆ, ಬಿಳಿ ಮೇಜುಬಟ್ಟೆ ಇಲ್ಲ. ಹತ್ತು ವರ್ಷದೊಳಗೆ, 2001ರಲ್ಲಿ, ಹೆರಿಫರ್ಡ್‌ಷೈರ್‌ನ ಸ್ಟ್ಯಾಗ್ ಇನ್‌ಗೆ ಮಿಶೆಲಿನ್ ನಕ್ಷತ್ರ (ಅತ್ಯುತ್ತಮ ಅಡುಗೆಗೆ ಮಿಶೆಲಿನ್ ಕೈಪಿಡಿ ಕೊಡುವ ಗೌರವ) ಬಂತು, ಪಬ್ ಒಂದಕ್ಕೆ ಅದೇ ಮೊದಲು.

ವಿಟ್‌ಸ್ಟಬಲ್‌ನ ಪಶ್ಚಿಮಕ್ಕೆ ಸೀಸಾಲ್ಟರ್ ಎಂಬ ಹಳ್ಳಿ. ಅಲ್ಲಿನ ದಿ ಸ್ಪೋರ್ಟ್ಸ್‌ಮನ್ ಪಬ್ಬನ್ನು 1999ರಲ್ಲಿ ಸ್ಟೀಫನ್ ಹ್ಯಾರಿಸ್ ವಹಿಸಿಕೊಂಡರು. ಅಡುಗೆ ಶಾಲೆಗೆ ಹೋದವರಲ್ಲ, ತಾವೇ ಕಲಿತವರು. ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುತ್ತಾರೆ, ಬೆಣ್ಣೆ ಕಡೆಯುತ್ತಾರೆ, ಕಡಲಪಾಚಿ ಬೆಣ್ಣೆಯಲ್ಲಿ ಮಾಡಿದ ಸ್ಲಿಪ್ ಸೋಲ್ ಅಲ್ಲಿನ ಹೆಸರಾಂತ ಅಡುಗೆ. 2008ರಲ್ಲಿ ನಕ್ಷತ್ರ ಬಂತು. 1086ರ ಡೂಮ್ಸ್‌ಡೇ ಲೆಕ್ಕಪತ್ರದಲ್ಲಿ ಸೀಸಾಲ್ಟರ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಅಡುಗೆಮನೆಗೆ ಸೇರಿದ್ದೆಂದು ದಾಖಲಾಗಿದೆ. ಸಾವಿರ ವರ್ಷದ ಹಿಂದೆ ಅಡುಗೆಮನೆಗೆ ಉಪ್ಪು, ಮೀನು ಕಳಿಸುತ್ತಿದ್ದ ನೆಲದಲ್ಲಿ ಈಗ ಅದೇ ಉಪ್ಪು ಹಾಕಿ ಮೀನು ಬೇಯಿಸುತ್ತಿದ್ದಾರೆ ಎಂಬುದು ನನಗೆ ಬಹಳ ಇಷ್ಟ.

ಆದರೆ ಒಂದು ಬೇಸರ ಹೇಳಲೇಬೇಕು. ಎಲ್ಲ ಟೇಬಲ್ಲೂ ಊಟಕ್ಕೆ ಬುಕ್ ಆದ ಪಬ್ಬಿನಲ್ಲಿ, ನಾಯಿ ತಿರುಗಾಡಿಸಿ ಅರ್ಧ ಪೈಂಟ್ ಕುಡಿದು ಹೋಗುವ ಊರಿನ ಮುದುಕನಿಗೆ ಜಾಗ ಇರುವುದಿಲ್ಲ. ಅವನಿಗೆ ಒಂದು ಸ್ಟೂಲ್ ಉಳಿಸಿದ ಪಬ್ ಮಾತ್ರ ನನ್ನ ಲೆಕ್ಕದಲ್ಲಿ ಒಳ್ಳೇ ಪಬ್.

ಫ್ಯಾವರ್ಶಮ್ ಗೌಡ

ಓದುಗರೇ, ನೂರಕ್ಕೆ ನೂರು ಒಪ್ಪಿದೆ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿ ಪಬ್‌ಗಳು ಊಟ ಶುರು ಮಾಡಿದ್ದಕ್ಕೇ ಬದುಕಿಕೊಂಡವು, ಬರೀ ಬಿಯರ್ ನಂಬಿದವು ಬಾಗಿಲು ಹಾಕಿ ಮನೆಗಳಾದವು. ಹೋದಾಗ ಬಾರ್ ಕಡೆ ನೋಡಿ. ಅಲ್ಲಿ ಊರಿನವರು ನಿಂತಿದ್ದರೆ ಊಟವೂ ಚೆನ್ನಾಗಿರುತ್ತೆ, ಇದು ನನ್ನ ಅನುಭವ.

ತುಂಗಾತೀರದವಳು

ಹೋಗಿ ಬಂದ್ವಿ! ಎಲ್ಲರಿಗೂ ಮನಸಾರೆ ಧನ್ಯವಾದ. ಪಬ್ಬಿನ ಹೆಸರು ಹಾಕ್ತಿಲ್ಲ, ವಿಟ್‌ಸ್ಟಬಲ್‌ನ ಹಳೇ ಬೀದಿಯೊಂದರಲ್ಲಿದೆ.

ಅಕ್ಕಿರೊಟ್ಟಿ ಅಕ್ಕ ಹೇಳಿದ ಹಾಗೆ ಗುರುವಾರ ನಾಲ್ಕಕ್ಕೆ ಫೋನ್ ಮಾಡಿದೆ. ಮ್ಯಾನೇಜರ್ ಹುಡುಗಿ ತಾನಾಗೇ "ನಮ್ಮ ಆಲೂಗಡ್ಡೆ ದನದ ಕೊಬ್ಬಿನದು, ನಿಮ್ಮಮ್ಮನಿಗೆ ರೇಪ್‌ಸೀಡ್ ಎಣ್ಣೆಯಲ್ಲಿ ಬೇರೆ ಮಾಡಿಡ್ತೀವಿ" ಅಂದಳು. ಆದರೂ ಆ ದಿನ ಅಮ್ಮನ ತಟ್ಟೆ ಮೇಲೆ ಒಂದು ಯಾರ್ಕ್‌ಷೈರ್ ಪುಡಿಂಗ್ ಕೂತೇ ಬಂತು. ತೋರಿಸಿದ ಕೂಡಲೇ ಕ್ಷಮೆ ಕೇಳಿ ತಟ್ಟೆಯನ್ನೇ ಒಳಗೆ ಒಯ್ದು ಪೂರ್ತಿ ಹೊಸದು ತಂದ್ರು. ಹತ್ತು ನಿಮಿಷ ತಡ ಆಯ್ತು, ಪುಡಿಂಗ್ ಎತ್ತಿಟ್ಟು ಅದೇ ತಟ್ಟೆ ಕೊಡಲಿಲ್ಲ ಅನ್ನೋದು ಅಮ್ಮನಿಗೆ ಬಹಳ ಸಮಾಧಾನ ಕೊಡ್ತು.

ಅಣಬೆ ವೆಲಿಂಗ್ಟನ್ ಅವರಿಗೆ ಸಪ್ಪೆ ಅನ್ನಿಸಿತು. ಆಮೇಲೆ ಚಿಕ್ಕ ಬಟ್ಟಲಲ್ಲಿ ಬಂದ ಇಂಗ್ಲಿಷ್ ಸಾಸಿವೆ ಒಂದು ತುದಿ ನಾಲಿಗೆಗೆ ಹಚ್ಚಿ ನೋಡಿ, ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂದ್ರೂ "ಇದು ಚೆನ್ನಾಗಿದೆ ಕಣೇ" ಅಂತ ಆಲೂಗಡ್ಡೆ, ಕ್ಯಾರೆಟ್, ಎಲ್ಲಕ್ಕೂ ಹಚ್ಚಿಕೊಂಡು ತಿಂದ್ರು. ಬಟ್ಟಲು ಎರಡು ಸಲ ತರಿಸಬೇಕಾಯ್ತು. ಅಪ್ಪನಿಗೆ ಸ್ಲಿಪ್ ಸೋಲ್ ಇತ್ತು, ಪಾಡ್ದನ ಅವರೇ! ಫೋರ್ಕ್ ಪಕ್ಕಕ್ಕಿಟ್ಟು ಕೈಯಲ್ಲೇ ಬಿಡಿಸಿದ್ರು. ನಡುಮುಳ್ಳು ಬಾಚಣಿಗೆ ಥರ ಒಂದೇ ತುಂಡಾಗಿ ಎದ್ದು ಬಂತು, ತಟ್ಟೆಯಲ್ಲಿ ಅದು ಬಿಟ್ರೆ ಇನ್ನೇನೂ ಉಳಿದಿರಲಿಲ್ಲ. ಮಗ ಅರ್ಧ ಕೋಳಿ ರೋಸ್ಟ್ ತಿಂದು, ಗ್ರೇವಿ ಜಗ್ ಖಾಲಿ ಮಾಡಿ ಇನ್ನೊಂದು ಕೇಳಿದ. ಅದಕ್ಕೆ ದುಡ್ಡು ಹಾಕಲಿಲ್ಲ.

ಪಕ್ಕದ ಟೇಬಲ್‌ಗೆ ಆರು ಜನರಿಗೆ ಸೇರಿ ಮರದ ಹಲಗೆ ಮೇಲೆ ಇಡೀ ಕುರಿ ತೊಡೆ ತಂದಿಟ್ರು, ಅಜ್ಜ ಎದ್ದು ನಿಂತು ಎಲ್ಲರಿಗೂ ಕತ್ತರಿಸಿ ಹಾಕಿದ್ರು. ಸಾಧನಕೇರಿ ಸರ್ ಬರೆದದ್ದನ್ನ ರೈಲಲ್ಲಿ ಅಪ್ಪನಿಗೆ ಓದಿ ಹೇಳಿದ್ದೆ, ಅವರು ನೋಡಿ ನನ್ನ ತೋಳು ತಟ್ಟಿದ್ರು. ಒಂದು ಗಂಟೆಗೆ ಕೂತವರು ಎದ್ದಿದ್ದು ಮೂರೂವರೆಗೆ. ನಾವಾಗಿ ಕೇಳೋವರೆಗೆ ಯಾರೂ ಬಿಲ್ ತರಲಿಲ್ಲ. ಶೆಟ್ರೇ, ಸಿಹಿ ಎರಡೇ ತಗೊಂಡ್ವಿ, ಒಟ್ಟು 141 ಪೌಂಡ್ ಆಯ್ತು. ಖರ್ಚು ಜಾಸ್ತಿನೇ, ಆದರೆ ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ.

ಆಮೇಲೆ ಟ್ಯಾಂಕರ್ಟನ್ ಕಡೆ ನಡೆದ್ವಿ. ನೀರು ಇಳಿದಾಗ ಸಮುದ್ರದೊಳಕ್ಕೆ ಕಲ್ಲಿನ ದಾರಿ ತೆರೆದುಕೊಳ್ಳುತ್ತಲ್ಲ, "ದಿ ಸ್ಟ್ರೀಟ್" ಅಂತಾರಂತೆ, ಅದರ ಮೇಲೆ ಅಪ್ಪ, ನನ್ನ ಮಗ ಸುಮಾರು ದೂರ ಹೋಗಿ ಬಂದ್ರು. ಊರಿಗೆ ಹೋಗೋ ಮುಂಚೆ ಇನ್ನೊಂದು ಭಾನುವಾರ ಸೀಸಾಲ್ಟರ್ ತನಕ ನಡೆಯಬೇಕು ಅಂತ ಅಪ್ಪನ ಆಸೆ. ದಾರಿ ಹೇಗಿದೆ? ಅಮ್ಮನಿಗೆ ಮಂಡಿ ನೋವಿದೆ.

ಲೆಸ್ಟರ್ ಶೆಟ್ರು

ಸಂತೋಷ ಆಯ್ತಮ್ಮ. ತಟ್ಟೆ ಬದಲಾಯಿಸಿ ಕೊಟ್ರು ಅಂದ್ರಲ್ಲ, ಅಂಥ ಕಡೆ ದುಡ್ಡು ಕೊಡಬಹುದು. ನನ್ನ ಹೆಂಡತಿ ಇದನ್ನೆಲ್ಲ ಓದಿ ನಮಗೂ ಅಕ್ಟೋಬರ್‌ಗೆ ಟೇಬಲ್ ನೋಡೋಕೆ ಹೇಳಿದ್ದಾಳೆ.

ಫ್ಯಾವರ್ಶಮ್ ಗೌಡ

ದಾರಿ ಸಮತಟ್ಟು ಮೇಡಂ, ಸ್ಯಾಕ್ಸನ್ ಶೋರ್ ವೇ ಅನ್ನೋ ಕಾಲುದಾರಿ ತೀರದ ಪಕ್ಕದಲ್ಲೇ ಹೋಗುತ್ತೆ. ಆದರೆ ಸುಮಾರು ಒಂದೂವರೆ ಗಂಟೆ ಬೇಕು, ಕೆಲವು ಕಡೆ ಕಲ್ಲಿನ ಮೇಲೇ ನಡೆಯಬೇಕು, ಮಂಡಿ ನೋವಿಗೆ ಆಗಲ್ಲ. ಅಪ್ಪ, ಯಜಮಾನರು ನಡೀಲಿ. ನೀವು ಅಮ್ಮ, ಮಗ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲೇ ಸೇರಿಕೊಳ್ಳಿ. ವಾಪಸ್ ಬರೋಕೂ ಟ್ಯಾಕ್ಸಿ ಹೋಗುವಾಗಲೇ ಹೇಳಿಬಿಡಿ, ಆ ಕಡೆ ಬೀದಿಯಲ್ಲಿ ಸಿಗಲ್ಲ. ಸ್ಪೋರ್ಟ್ಸ್‌ಮನ್‌ನಲ್ಲೇ ಉಣ್ಣಬೇಕು ಅಂದ್ರೆ ಬಹಳ ಮುಂಚೆ ಬುಕ್ ಮಾಡಬೇಕು, ಈ ಸಲಕ್ಕೆ ಜಾಗ ಸಿಗೋದು ಅನುಮಾನ. ಅಮ್ಮನ ಪಥ್ಯಕ್ಕೆ ಏನು ಮಾಡಿಕೊಡ್ತಾರೆ ಅಂತ ಬುಕ್ ಮಾಡೋ ಮುಂಚೆಯೇ ಕೇಳಿ.